50 ಪೌಂಡಿನ ಕಥೆ: ಉಗಾಂಡದಿಂದ ಬ್ರಿಟನ್ನಿಗೆ ಬಂದ ವ್ಯಾಪಾರಿ ಕುಟುಂಬಗಳ ಬಗ್ಗೆ ನಿಮಗೇನನ್ನಿಸುತ್ತದೆ?

ಬೆಲ್‌ಗ್ರೇವ್_ರಸ್ತೆ

ಲೆಸ್ಟರ್‌ಗೆ ಬಂದು ಬಹಳ ವರ್ಷವಾಯಿತು. ಇಲ್ಲಿ ವ್ಯಾಪಾರಿಗಳ ಸನ್ಮಾನ ಸಮಾರಂಭ ಅಂದರೆ ಒಂದು ಕಥೆ ಗ್ಯಾರಂಟಿ. ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಓಡಿಸಿದ, ಕೈಯಲ್ಲಿ 50 ಪೌಂಡು, ಒಂದು ಸೂಟ್‌ಕೇಸು, ಮೈ ಕೊರೆಯುವ ಚಳಿ, ಹಗಲು ರಾತ್ರಿ ದುಡಿಮೆ. ಇವತ್ತು ನೋಡಿ, ಹೋಟೆಲು, ಕಾರ್ಖಾನೆ, ಪಾರ್ಲಿಮೆಂಟಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕುರ್ಚಿ! ಚಪ್ಪಾಳೆ. ಆಮೇಲೆ ಊಟ. (ಊಟ ಮಾತ್ರ ಪ್ರತಿ ಸಲ ಚೆನ್ನಾಗಿರುತ್ತದೆ, ಅದರ ಬಗ್ಗೆ ತಕರಾರಿಲ್ಲ.)

ಕಥೆ ಸುಳ್ಳಲ್ಲ. 1972ರ ಆಗಸ್ಟ್ 4ರಂದು ಅಮೀನ್ ಘೋಷಣೆ ಮಾಡಿದ. ಏಷ್ಯಾ ಮೂಲದವರು 90 ದಿನದೊಳಗೆ ದೇಶ ಬಿಡಬೇಕು. ಒಂದು ಕುಟುಂಬ 50 ಪೌಂಡಿನ ಆಸುಪಾಸು ಮಾತ್ರ ಒಯ್ಯಬಹುದು. ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಸೈನಿಕರು ತಡೆದು ಒಡವೆ, ಗಡಿಯಾರ ಕಿತ್ತುಕೊಂಡರು. ಬ್ರಿಟನ್ನಿಗೆ 27 ಸಾವಿರಕ್ಕೂ ಹೆಚ್ಚು ಜನ ಬಂದರು. ಸ್ಟಾನ್‌ಸ್ಟೆಡ್‌ನಲ್ಲಿ ಇಳಿದರು, ಖಾಲಿ ಬಿದ್ದಿದ್ದ ಮಿಲಿಟರಿ ಶಿಬಿರಗಳಲ್ಲಿ ಉಳಿದರು. ನಮ್ಮ ಲೆಸ್ಟರ್ ನಗರಸಭೆಯಂತೂ 'ಉಗಾಂಡ ಆರ್ಗಸ್' ಪತ್ರಿಕೆಗೆ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿತು. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ, ಲೆಸ್ಟರ್‌ಗೆ ಮಾತ್ರ ಬರಬೇಡಿ ಅಂತ. ಜನ ಬಂದೇ ಬಂದರು. ಈಗ ಬೆಲ್‌ಗ್ರೇವ್ ರಸ್ತೆಯ ದೀಪಾವಳಿ ಊರಿಗೇ ಹೆಮ್ಮೆ.

ನನ್ನ ಅನುಮಾನ ಎರಡು. ಈ 'ಬರಿಗೈ' ನಿಜಕ್ಕೂ ಎಷ್ಟು ಬರಿದು? ಇನ್ನೊಂದು, ಈ ಉದ್ಯಮಿಗಳು ತಮ್ಮನ್ನು ಯಾರು ಅಂದುಕೊಳ್ಳುತ್ತಾರೆ? ದೇವಸ್ಥಾನದ ಟ್ರಸ್ಟಿನಲ್ಲಿ ಗುಜರಾತಿ, ಬ್ಯಾಂಕಿನಲ್ಲಿ ಬ್ರಿಟಿಷ್. ಹಳೆಯ ಗೆಳೆಯರು ಸಿಕ್ಕರೆ ಸ್ವಾಹಿಲಿ ಬೆರೆಸಿ ಮಾತಾಡುತ್ತಾರೆ, ಮೊಗೊ ಅಂದರೆ ಮರಗೆಣಸು, ಅದರ ಚಿಪ್ಸ್ ತಿನ್ನುತ್ತಾರೆ. ಭಾರತವನ್ನು ಮದುವೆ ಸೀರೆ ತರಲು ಮಾತ್ರ ನೋಡಿದವರೂ ಇದ್ದಾರೆ. ಇತಿಹಾಸ, ಕಾನೂನು, ಲೆಕ್ಕಪತ್ರ ಗೊತ್ತಿರುವವರು ಇಲ್ಲಿ ತುಂಬ ಜನ ಇದ್ದೀರಿ. ಹೇಳಿ ನೋಡೋಣ.

ಇತಿಹಾಸ_ಮೇಷ್ಟ್ರು

ಪೂರ್ವ ಆಫ್ರಿಕಾದ ಭಾರತೀಯರೆಲ್ಲ ರೈಲು ಹಳಿ ಹಾಕಲು ಹೋದ ಕೂಲಿಗಳ ಮೊಮ್ಮಕ್ಕಳು ಅಂತ ಹೇಳುವವರಿದ್ದಾರೆ. ಪೂರ್ತಿ ಸರಿಯಲ್ಲ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಾಕಿದರು. ಅದಕ್ಕೆ ಸುಮಾರು 32 ಸಾವಿರ ಜನರನ್ನು, ಹೆಚ್ಚಾಗಿ ಪಂಜಾಬಿನಿಂದ, ಕರಾರಿನ ಮೇಲೆ ಕರೆದೊಯ್ದರು. 2,500ರಷ್ಟು ಜನ ಅಲ್ಲೇ ಸತ್ತರು. ಬದುಕಿದವರಲ್ಲಿ ಬಹುಪಾಲು ವಾಪಸ್ ಬಂದರು.

ವ್ಯಾಪಾರಿಗಳು ಬಂದದ್ದು ಬೇರೆ ದಾರಿಯಲ್ಲಿ. ಕಚ್ಛ್, ಕಾಠಿಯಾವಾಡದಿಂದ ಹಾಯಿಹಡಗು ಹತ್ತಿ ಜಂಜಿಬಾರ್‌ಗೆ, ಅಲ್ಲಿಂದ ಒಳನಾಡಿಗೆ. ಅಲಿದಿನಾ ವಿಸ್ರಾಮ್ ಎಂಬ ಖೋಜಾ ಮುಸ್ಲಿಂ ವ್ಯಾಪಾರಿ ಹುಡುಗನಾಗಿದ್ದಾಗಲೇ ಕಚ್ಛ್ ಬಿಟ್ಟವನು. 1916ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಕರಾವಳಿಯಿಂದ ಉಗಾಂಡದವರೆಗೆ ಅವನ ಅಂಗಡಿಗಳಿದ್ದವು. ಪದ್ಧತಿ ಹೀಗಿತ್ತು. ಊರಿನಿಂದ ನೆಂಟರ ಹುಡುಗನನ್ನು ಕರೆಸುವುದು, ಕೆಲವು ವರ್ಷ ಅಂಗಡಿಯಲ್ಲಿ ದುಡಿಸುವುದು, ಆಮೇಲೆ ಸಾಲದ ಮೇಲೆ ಸರಕು ಕೊಟ್ಟು ಮುಂದಿನ ಹಳ್ಳಿಗೆ ಕಳಿಸುವುದು. ಹುಡುಗ ಸರಕು ಮಾರಿ ಸಾಲ ತೀರಿಸಿದರೆ ಅವನೂ ಒಬ್ಬ ವ್ಯಾಪಾರಿ. ಮೋಸ ಮಾಡಿದರೆ ಪೋರಬಂದರಿನಲ್ಲಿರುವ ಅವನ ಅಪ್ಪನಿಗೆ ಸುದ್ದಿ ಹೋಗುತ್ತಿತ್ತು. ಕೋರ್ಟಿಗಿಂತ ಜಾಸ್ತಿ ಭಯ ಅದಕ್ಕೇ.

ಬ್ರಿಟಿಷರಿಗೂ ಇದು ಅನುಕೂಲವೇ. ಒಳ್ಳೆಯ ಜಮೀನು ಭಾರತೀಯರ ಕೈಗೆ ಸುಲಭಕ್ಕೆ ಸಿಗದಂತೆ ನೋಡಿಕೊಂಡರು, ವ್ಯಾಪಾರದಲ್ಲಿ ಆಫ್ರಿಕನ್ನರು ಬೆಳೆಯದಂತೆ ನೋಡಿಕೊಂಡರು. ಆಫ್ರಿಕನ್ ರೈತ ಹತ್ತಿ ಬೆಳೆದ, ಭಾರತೀಯ ಜಿನ್ನಿಂಗ್ ಮಾಡಿದ, ಬಿಳಿಯ ಅಧಿಕಾರಿ ತೆರಿಗೆ ಎತ್ತಿದ. ರೈತನಿಗೆ ದಿನಾ ಕಣ್ಣಿಗೆ ಬೀಳುತ್ತಿದ್ದವನು ತೂಕದ ಕಲ್ಲು ಹಿಡಿದ ಭಾರತೀಯ. 1945, 1949ರ ಗಲಭೆ, 1959ರಲ್ಲಿ ಉಗಾಂಡದೊಳಗಿನ ಬುಗಾಂಡ ರಾಜ್ಯದಲ್ಲಿ ನಡೆದ ಏಷ್ಯನ್ ಅಂಗಡಿಗಳ ಬಹಿಷ್ಕಾರ, ಇವೆಲ್ಲ ಅಮೀನ್‌ಗಿಂತ ಮೊದಲೇ ಆದವು. ಸನ್ಮಾನ ಸಮಾರಂಭದ ಭಾಷಣ ಮಾತ್ರ ಸೀದಾ 1972ರಿಂದ ಶುರುವಾಗುತ್ತದೆ.

ಕೊನೆಗೆ, ಬರಿಗೈ ವಿಷಯ. ಬ್ಯಾಂಕ್ ಆಫ್ ಬರೋಡಾ 1953ರಲ್ಲಿ ಮೊಂಬಾಸಾ, ಕಂಪಾಲಾದಲ್ಲಿ ಶಾಖೆ ತೆರೆಯಿತು, 1957ರಲ್ಲಿ ಲಂಡನ್ನಿನಲ್ಲಿ. ಕಂಪಾಲಾದಲ್ಲಿ ಖಾತೆ ಇದ್ದ ಮನುಷ್ಯ ಲಂಡನ್ನಿನಲ್ಲಿ ಮ್ಯಾನೇಜರ್ ಎದುರು ಕೂತಾಗ ಪೂರ್ತಿ ಅಪರಿಚಿತ ಆಗಿರಲಿಲ್ಲ. ಇಂಗ್ಲಿಷ್ ಬರುತ್ತಿತ್ತು, ಲೆಕ್ಕ ಬರುತ್ತಿತ್ತು, ಪರಊರಲ್ಲಿ ಅಂಗಡಿ ಇಡುವುದು ಹೇಗೆ ಅಂತ ಎರಡು ತಲೆಮಾರಿನಿಂದ ಗೊತ್ತಿತ್ತು. ಇದನ್ನೆಲ್ಲ ಯಾವ ಸೈನಿಕನೂ ಕಿತ್ತುಕೊಳ್ಳಲು ಆಗಲಿಲ್ಲ.

ಸಣ್ಣ_ಉದ್ದಿಮೆ

ಮೇಷ್ಟ್ರೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಹೀಗೆ ಬಿಡಿಸಿ ಬಿಡಿಸಿ ನೋಡುತ್ತಾ ಹೋದರೆ ಯಾರ ಶ್ರಮಕ್ಕೂ ಬೆಲೆ ಉಳಿಯಲ್ಲ. ದೋಲರ್ ಪೋಪಟ್ 17ನೇ ವಯಸ್ಸಿಗೆ ಉಗಾಂಡದಿಂದ ಬಂದು ಹೋಟೆಲಿನಲ್ಲಿ ವೇಟರ್ ಆಗಿ ದುಡಿದು ಓದಿ ಅಕೌಂಟೆಂಟ್ ಆದರು, 2010ರಲ್ಲಿ ಲಾರ್ಡ್ ಆದರು. ಸುಮ್ನೆ ಆಗುತ್ತಾ ಇದು? ನಾನೇ ಪೀಣ್ಯದಲ್ಲಿ ಒಂದು ಸಣ್ಣ ಶೆಡ್ ನಡೆಸುವವನು. ತಿಂಗಳ ಕೊನೆಗೆ ಸಂಬಳ ಕೊಡುವ ದಿನ ಯಾವ ನೆಂಟನೂ ಫೋನ್ ಎತ್ತಲ್ಲ.

ಬೆಲ್‌ಗ್ರೇವ್_ರಸ್ತೆ

ಶ್ರಮ ಇಲ್ಲ ಅಂತ ಯಾರೂ ಹೇಳಲಿಲ್ಲ ಸಾರ್. ಬಂದ 27 ಸಾವಿರ ಜನರೂ ಶ್ರಮಪಟ್ಟರು. ಅದರಲ್ಲಿ ಟೀಚರ್, ಗುಮಾಸ್ತ, ಮೆಕ್ಯಾನಿಕ್ ಕೂಡ ಇದ್ದರು. ಕಂಪಾಲಾದಲ್ಲಿ ಮೇಷ್ಟ್ರಾಗಿದ್ದವರು ಇಲ್ಲಿ ಹೊಸೈರಿ ಕಾರ್ಖಾನೆಯ ರಾತ್ರಿ ಪಾಳಿಯಲ್ಲೇ ನಿವೃತ್ತರಾದರು. ಅವರನ್ನು ವೇದಿಕೆಗೆ ಕರೆಯಲ್ಲ. ನನ್ನ ತಕರಾರು ಅಷ್ಟೇ.

ಕುಂದಾಪ್ರ_ಹೋಟ್ಲು

ಮೇಷ್ಟ್ರು ಹೇಳಿದ ಆ ನೆಂಟರ ಹುಡುಗನ ಪದ್ಧತಿ ಓದಿ ನಗು ಬಂತು ಮಾರಾಯ್ರೆ. ಮುಂಬೈ ಹೋಟೆಲಿನವರದ್ದೂ ಅದೇ ಕಥೆ. ಊರಿಂದ ಬಂದ ಮಾಣಿ ಮೊದಲು ಲೋಟ ತೊಳೆಯಬೇಕು, ಆಮೇಲೆ ಟೇಬಲ್, ಆಮೇಲೆ ಗಲ್ಲಾ. ಮಾಟುಂಗಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಅಂಥ ಒಂದೊಂದು ಹೋಟೆಲಿನಿಂದ ಹೊರಬಿದ್ದವರು ಎಷ್ಟು ಹೋಟೆಲು ಮಾಡಿದರೋ ಲೆಕ್ಕವಿಲ್ಲ. ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ. ನನ್ನ ಅಪ್ಪಯ್ಯ ಹಾಗೇ ಎಸ್ಸೆಸ್ಸೆಲ್ಸಿ ಕಟ್ಟಿದ್ದು.

1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಆಗ ನಮ್ಮವರು ಮಾಡಿದ್ದೇನು? ಬೋರ್ಡನ್ನು ಮರಾಠಿಯಲ್ಲಿ ಬರೆಸಿದರು, ಮೆನುವಿಗೆ ಮಿಸಳ್, ಪಾವ್ ಭಾಜಿ ಸೇರಿಸಿದರು, ಗಣೇಶೋತ್ಸವಕ್ಕೆ ವರ್ಗಣಿ ಕೊಟ್ಟರು. ಮನೆಯಲ್ಲಿ ತುಳು, ಕೊಂಕಣಿ, ಕುಂದಾಪ್ರ ಕನ್ನಡ. ಬೆಲ್‌ಗ್ರೇವ್ ಅವರು ಕೇಳಿದ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದು. ವ್ಯಾಪಾರ ಮಾಡುವವನು ತಾನು ಯಾರು ಅಂತ ಯೋಚಿಸಿ ಬೋರ್ಡು ಬರೆಸುವುದಿಲ್ಲ. ಗಿರಾಕಿ ಯಾರು ಅಂತ ನೋಡಿ ಬರೆಸುತ್ತಾನೆ.

ಇತಿಹಾಸ_ಮೇಷ್ಟ್ರು

@ಕುಂದಾಪ್ರ_ಹೋಟ್ಲು ಸೊಗಸಾಗಿ ಹೇಳಿದಿರಿ. ಒಂದು ವ್ಯತ್ಯಾಸ ಮರೆಯಬಾರದು. ಮುಂಬೈಯಲ್ಲಿ ಕಲ್ಲು ಬಿದ್ದರೂ ಊರಿಗೆ ಹೋಗುವ ಬಸ್ಸು ಇತ್ತು, ಓಟಿನ ಹಕ್ಕೂ ಇತ್ತು. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದ ಪೂರ್ವ ಆಫ್ರಿಕಾದ ಏಷ್ಯನ್ನರಿಗೆ 1968ರಲ್ಲಿ ಬ್ರಿಟನ್ನೇ ಬಾಗಿಲು ಹಾಕಿತು. ಕೆನ್ಯಾದಿಂದ ಬರುತ್ತಿದ್ದವರನ್ನು ತಡೆಯಲು ಪಾರ್ಲಿಮೆಂಟು ಮೂರೇ ದಿನದಲ್ಲಿ ಕಾಯ್ದೆ ಮಾಡಿತು. ಪಾಸ್‌ಪೋರ್ಟ್ ನಿಮ್ಮದು, ದೇಶ ನಿಮ್ಮದಲ್ಲ ಅಂತ.

ವೆಂಬ್ಲಿ_ಅಕ್ಕ

ನಾನು ಇಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡುವವಳು. ಊರು ಶಿವಮೊಗ್ಗ. ಗಿರಾಕಿಗಳಲ್ಲಿ ಹೆಚ್ಚಿನವರು ಗುಜರಾತಿಗಳು, ಪಟೇಲ್, ಶಾ, ಲೋಹಾಣರು. ಲೆಕ್ಕದ ಪುಸ್ತಕದಲ್ಲಿ ಕಾಣುವುದನ್ನು ಹೇಳುತ್ತೇನೆ.

ಪೇಪರ್ ಅಂಗಡಿ ಅಂದರೆ ಬೆಳಗ್ಗೆ ಐದಕ್ಕೆ ಪತ್ರಿಕೆ ಕಟ್ಟು ಬಿಚ್ಚಬೇಕು. ಹುಡುಗರು ಮನೆಮನೆಗೆ ಹಂಚುವ ಮೊದಲು ಪ್ರತಿ ಪೇಪರಿನ ಮೇಲೆ ಮನೆ ನಂಬರು ಬರೆಯಬೇಕು. ರಾತ್ರಿ ಒಂಬತ್ತಕ್ಕೋ ಹತ್ತಕ್ಕೋ ಶಟರ್. ವಾರಕ್ಕೆ ಏಳು ದಿನ. ಒಬ್ಬ ಮನುಷ್ಯ ಇಷ್ಟು ಹೊತ್ತು ನಿಲ್ಲಲು ಆಗಲ್ಲ. ಆಳು ಇಟ್ಟರೆ ಲಾಭ ಪೂರ್ತಿ ಆಳಿಗೇ ಹೋಗುತ್ತದೆ. ಹಾಗಾದರೆ ಅಂಗಡಿ ನಡೆದದ್ದು ಹೇಗೆ? ಹೆಂಡತಿ. ಅತ್ತೆ. ಶಾಲೆಯಿಂದ ಬಂದ ಮಕ್ಕಳು, ಕೌಂಟರಿನ ಕೆಳಗೆ ಹಾಲಿನ ಕ್ರೇಟು ತಿರುಗಿಸಿ ಕೂತು ಹೋಮ್‌ವರ್ಕ್ ಮಾಡುತ್ತಲೇ ಸಿಗರೇಟು ಎಣಿಸುವವರು. ಪುಸ್ತಕದಲ್ಲಿ ಸಂಬಳದ ಕಾಲಂ ಖಾಲಿ. ಮಾಲೀಕನ ಹೆಸರು ಒಂದೇ. ಪ್ರಶಸ್ತಿಯೂ ಆ ಹೆಸರಿಗೇ.

ಇನ್ನೊಂದು ವಿಷಯ, ಕಾನೂನು ಕೂಡ ಇವರ ಪಾಲಿಗೆ ಅನುಕೂಲವಾಗಿತ್ತು. ಇಂಗ್ಲೆಂಡಿನಲ್ಲಿ ಭಾನುವಾರ ದೊಡ್ಡ ಅಂಗಡಿಗಳು ತೆರೆಯುವಂತಿರಲಿಲ್ಲ. ಬ್ರೆಡ್ಡು ಹಾಲು ಮುಗಿದವರು ಮೂಲೆ ಅಂಗಡಿಗೇ ಬರಬೇಕು. 1994ರಲ್ಲಿ ಕಾಯ್ದೆ ಬದಲಾಯಿತು. ದೊಡ್ಡ ಸೂಪರ್‌ಮಾರ್ಕೆಟ್‌ಗಳು ಭಾನುವಾರ ಆರು ಗಂಟೆ ತೆರೆಯಬಹುದು ಅಂದರು. ಆಮೇಲೆ ಸೂಪರ್‌ಮಾರ್ಕೆಟ್‌ನವರೇ ಬೀದಿ ಮೂಲೆಯಲ್ಲಿ ಚಿಕ್ಕ ಅಂಗಡಿ ಹಾಕಲು ಶುರುಮಾಡಿದರು. ಗಿರಾಕಿಗಳ ಮಾರಾಟ ವರ್ಷದಿಂದ ವರ್ಷಕ್ಕೆ ಇಳಿದದ್ದನ್ನು ಕಣ್ಣಾರೆ ನೋಡಿದ್ದೇನೆ.

ಅಷ್ಟರಲ್ಲಿ ಮಕ್ಕಳು ಫಾರ್ಮಸಿ, ಕಣ್ಣು, ಹಲ್ಲು, ಅಕೌಂಟ್ಸು ಅಂತ ಓದಿದ್ದರು. ಯಾಕೆ ಫಾರ್ಮಸಿ ಅಂತ ಕೇಳಿದರೆ ಒಬ್ಬ ಹುಡುಗ ಹೇಳಿದ, "ಆಂಟಿ, ಅದೂ ಅಂಗಡಿಯೇ. ಆದರೆ ಆರು ಗಂಟೆಗೆ ಮುಚ್ಚಬಹುದು, ಬಿಳಿ ಕೋಟು ಹಾಕಿದರೆ ಯಾರೂ ಬೈಯಲ್ಲ." ಅಂಗಡಿಯಲ್ಲಿ ಅಪ್ಪನಿಗೆ 'ಪಾಕಿ' ಅಂತ ಬೈದದ್ದನ್ನು ಕೇಳುತ್ತಾ ಬೆಳೆದ ಹುಡುಗ ಅವನು.

ಕೆಂಪು_ಬಾವುಟ

ಅಕ್ಕ ಮನೆಯೊಳಗಿನ ದುಡಿಮೆ ಹೇಳಿದರು. ಕಾರ್ಖಾನೆಯದ್ದು ನಾನು ಹೇಳುತ್ತೇನೆ.

1974ರ ಮೇ ತಿಂಗಳಲ್ಲಿ ಇದೇ ಲೆಸ್ಟರ್‌ನ ಇಂಪೀರಿಯಲ್ ಟೈಪ್‌ರೈಟರ್ಸ್ ಕಾರ್ಖಾನೆಯಲ್ಲಿ ಏಷ್ಯನ್ ಕಾರ್ಮಿಕರು ಮುಷ್ಕರ ಹೂಡಿದರು. ಬಹಳ ಜನ ಪೂರ್ವ ಆಫ್ರಿಕಾದಿಂದ ಬಂದವರು. ಬಿಳಿಯರಿಗೆ ಸಿಗುವ ಬೋನಸ್ಸು ನಮಗೆ ಯಾಕಿಲ್ಲ ಅನ್ನುವುದು ಒಂದು ಮುಖ್ಯ ಜಗಳ. ಅವರದೇ ಯೂನಿಯನ್ ಬೆಂಬಲ ಕೊಡಲಿಲ್ಲ. ಮುಂದಿನ ವರ್ಷ ಕಾರ್ಖಾನೆಯೇ ಮುಚ್ಚಿತು.

1976ರಲ್ಲಿ ಲಂಡನ್ನಿನ ವಿಲ್ಸ್‌ಡನ್‌ನಲ್ಲಿ ಗ್ರನ್‌ವಿಕ್. ಫೋಟೋ ರೀಲು ತೊಳೆದು ಪ್ರಿಂಟ್ ಹಾಕುವ ಕಾರ್ಖಾನೆ. ಜಯಾಬೆನ್ ದೇಸಾಯಿ, ಗುಜರಾತಿನಲ್ಲಿ ಹುಟ್ಟಿ ಟಾಂಗನೀಕಾದಲ್ಲಿದ್ದು (ಈಗಿನ ಟಾಂಜಾನಿಯಾ) ಇಲ್ಲಿಗೆ ಬಂದವರು, ಕಡ್ಡಾಯ ಓವರ್‌ಟೈಮು ವಿರೋಧಿಸಿ ಹೊರನಡೆದರು. ಇದು ಕಾರ್ಖಾನೆಯಲ್ಲ ಮೃಗಾಲಯ, ಇಲ್ಲಿ ನೀವು ಕುಣಿಸಿದಂತೆ ಕುಣಿಯುವ ಕೋತಿಗಳೂ ಇವೆ, ನಿಮ್ಮ ತಲೆ ಕಚ್ಚುವ ಸಿಂಹಗಳೂ ಇವೆ, ನಾವು ಆ ಸಿಂಹಗಳು, ಅಂತ ಮ್ಯಾನೇಜರ್‌ಗೆ ಮುಖಕ್ಕೇ ಹೇಳಿದರು. 1978ರವರೆಗೆ ಗೇಟಿನ ಮುಂದೆ ನಿಂತರು. ಸೋತರು.

ಇನ್ನು ಇದನ್ನು ಗಮನಿಸಿ. ಆ ಕಾರ್ಖಾನೆಯ ಮಾಲೀಕ ಜಾರ್ಜ್ ವಾರ್ಡ್ ಆಂಗ್ಲೋ-ಇಂಡಿಯನ್, ಹುಟ್ಟಿದ್ದು ದೆಹಲಿಯಲ್ಲಿ. ವಲಸೆ ಬಂದ ಮಾಲೀಕ, ವಲಸೆ ಬಂದ ಕಾರ್ಮಿಕರು. ಹೊರಗಿನಿಂದ ಬಂದವನಿಗೆ ಹೊರಗಿನವರ ಕಷ್ಟ ಗೊತ್ತಿರುತ್ತದೆ ಅಂತ ನಂಬಿ ಲೇಖನ ಬರೆಯುವವರು ಒಂದು ಸಲ ಗ್ರನ್‌ವಿಕ್ ಕಥೆ ಓದಲಿ.

ಸಣ್ಣ_ಉದ್ದಿಮೆ

ಬಾವುಟ ಅವರೇ, ಮಾಲೀಕರೆಲ್ಲ ಕೆಟ್ಟವರು ಅನ್ನುವ ಕಡೆಗೆ ಚರ್ಚೆ ಹೋಗುತ್ತಿದೆ. ಇಲ್ಲೇ ಲಗಾಮು ಹಾಕೋಣ 🙂

ಕೆಂಪು_ಬಾವುಟ

ಇಲ್ಲಪ್ಪ. ಅನ್ವರ್ ಪರ್ವೇಜ್ ಬ್ರಾಡ್‌ಫರ್ಡ್‌ನಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. 1963ರಲ್ಲಿ ಲಂಡನ್ನಿನಲ್ಲಿ ಅಂಗಡಿ ಇಟ್ಟರು, 1976ರಲ್ಲಿ ಬೆಸ್ಟ್‌ವೇ ಸಗಟು ಮಳಿಗೆ ಶುರುಮಾಡಿದರು. ಅಕ್ಕ ಹೇಳಿದ ಮೂಲೆ ಅಂಗಡಿಗಳಿಗೆಲ್ಲ ಸರಕು ಮಾರಿದವರು ಅವರು. ಅಂಗಡಿಯವನ ಕಷ್ಟ ಗೊತ್ತಿದ್ದದ್ದಕ್ಕೇ ಸಗಟು ವ್ಯಾಪಾರ ಗೆದ್ದಿತು. ಇದನ್ನು ಒಪ್ಪಲು ನನಗೇನೂ ತೊಂದರೆ ಇಲ್ಲ. ಆದರೆ ಅದು ವ್ಯಾಪಾರದ ಜಾಣತನ. ಅದಕ್ಕೆ ಸಮಾಜಸೇವೆ ಅನ್ನುವ ಹೆಸರು ಬೇಡ.

ಕಲಬುರಗಿ_ವಕೀಲ

ತಡವಾಗಿ ಬಂದೆ. ವೆಂಬ್ಲಿ ಅಕ್ಕಾವ್ರು ಹೇಳಿದ 'ಮಾಲೀಕನ ಹೆಸರು ಒಂದೇ' ಅನ್ನುವ ಮಾತಿನ ಮೇಲೆ ಲಂಡನ್ನಿನಲ್ಲಿ ಒಂದು ದೊಡ್ಡ ಕೇಸೇ ನಡೆದಿದೆ. ನಮ್ಮ ಜಿಲ್ಲೆಗೂ ಅದಕ್ಕೂ ನಂಟಿದೆ ಅಂದರೆ ನಂಬುತ್ತೀರಾ?

ಜಸ್ಮಿಂದರ್ ಸಿಂಗ್ ಲಂಡನ್ನಿನ ಎಡ್ವರ್ಡಿಯನ್ ಹೋಟೆಲುಗಳ ಮುಖ್ಯಸ್ಥ. ಪಂಜಾಬಿನಿಂದ ಕೆನ್ಯಾ, ಕೆನ್ಯಾದಿಂದ ಇಂಗ್ಲೆಂಡು ಅಂತ ಬಂದ ಸಿಖ್ ಕುಟುಂಬ. ಅಕೌಂಟೆನ್ಸಿ ಓದಿದ ಮಗ ಹೋಟೆಲು ವ್ಯಾಪಾರವನ್ನು ಕೋಟಿಗಟ್ಟಲೆ ಪೌಂಡಿನ ಮಟ್ಟಕ್ಕೆ ಬೆಳೆಸಿದ. 86 ವಯಸ್ಸಿನ ತಂದೆ ಬಾಲ್ ಮೊಹಿಂದರ್ ಸಿಂಗ್ ಮಗನ ಮೇಲೇ ದಾವೆ ಹಾಕಿದರು. ಅವರ ವಾದ ಇಷ್ಟು. ನಮ್ಮದು ಅವಿಭಕ್ತ ಕುಟುಂಬ. ಹಿಂದೂ ಆಸ್ತಿ ಹಕ್ಕಿನ ಹಳೆಯ ಗ್ರಂಥ ಮಿತಾಕ್ಷರ, ಅದರ ಪದ್ಧತಿಯಂತೆ ನಡೆದುಕೊಂಡು ಬಂದಿದ್ದೇವೆ. ಷೇರು, ಬಂಗಲೆ ಮಗನ ಹೆಸರಿನಲ್ಲಿದ್ದರೂ ಅದು ಮನೆತನದ ಆಸ್ತಿ. ಮಗ ಒಪ್ಪಲಿಲ್ಲ. 2014ರ ಏಪ್ರಿಲ್‌ನಲ್ಲಿ ಹೈಕೋರ್ಟಿನ ತೀರ್ಪು ಬಂತು. ತಂದೆ ಸೋತರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಇಂಗ್ಲೆಂಡಿನ ಕೋರ್ಟಿನಲ್ಲಿ ಮಿತಾಕ್ಷರವೇ ಕಾನೂನು ಅಂತ ಯಾರೂ ವಾದಿಸಲು ಬರುವುದಿಲ್ಲ. ಮನೆಯವರೆಲ್ಲರ ನಡುವೆ ಆ ರೀತಿಯ ತಿಳಿವಳಿಕೆ ಇತ್ತು, ಆದ್ದರಿಂದ ಇಂಗ್ಲಿಷ್ ಕಾನೂನಿನ ಪ್ರಕಾರವೇ ಮಗ ಅದಕ್ಕೆ ಬದ್ಧ, ಅನ್ನುವುದು ವಾದ. ಆ ತಿಳಿವಳಿಕೆ ಇತ್ತು ಅಂತ ಸಾಬೀತು ಮಾಡಲು ಆಗಲಿಲ್ಲ. ಊಟದ ಮನೆಯಲ್ಲಿ ಆಡಿದ ಮಾತಿಗೆ ಯಾರು ರುಜು ಹಾಕಿಸಿಕೊಂಡಿರುತ್ತಾರೆ ಹೇಳಿ?

ನಮ್ಮ ನಂಟು ಏನಂದರೆ, ಮಿತಾಕ್ಷರ ಬರೆದ ವಿಜ್ಞಾನೇಶ್ವರ ಕಲ್ಯಾಣದವರು, ಈಗಿನ ಬಸವಕಲ್ಯಾಣ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದರು. ನಮ್ಮ ಕಲಬುರಗಿ ಜಿಲ್ಲೆಯ ಮರ್ತೂರನ್ನು ಅವರ ಊರು ಅಂತ ಹೇಳುತ್ತಾರೆ. ಕಲ್ಯಾಣದಂಥ ನಗರ ಇಲ್ಲ, ವಿಕ್ರಮನಂಥ ರಾಜ ಇಲ್ಲ, ವಿಜ್ಞಾನೇಶ್ವರನಂಥ ಪಂಡಿತ ಇಲ್ಲ ಅಂತ ಗ್ರಂಥದ ಕೊನೆಯಲ್ಲಿ ಬರುತ್ತದೆ. (ವಕೀಲರಿಗೆ ಆತ್ಮವಿಶ್ವಾಸ ಆಗಲೂ ಜಾಸ್ತಿಯೇ.) ಮಗನಿಗೆ ಹುಟ್ಟಿನಿಂದಲೇ ಮನೆತನದ ಆಸ್ತಿಯಲ್ಲಿ ಹಕ್ಕು ಅನ್ನುವುದು ಆ ಗ್ರಂಥದ ತಿರುಳು. ಹೆಚ್ಚುಕಡಿಮೆ 900 ವರ್ಷದ ಮೇಲೆ ಲಂಡನ್ನಿನಲ್ಲಿ ಒಬ್ಬ ಅಪ್ಪ ಅದನ್ನು ತಿರುಗಿಸಿ ಹಿಡಿದು, ಮಗನ ಆಸ್ತಿಯಲ್ಲಿ ತನಗೂ ಹಕ್ಕಿದೆ ಅಂದ.

ಬೆಲ್‌ಗ್ರೇವ್ ಅವರು ಕೇಳಿದ 'ಇವರು ಯಾರು' ಅನ್ನುವ ಪ್ರಶ್ನೆಗೆ ದೀಪಾವಳಿಯಲ್ಲಿ, ಗರ್ಬಾದಲ್ಲಿ ಉತ್ತರ ಸಿಗಲ್ಲ ಅಂತ ನನಗನ್ನಿಸುತ್ತದೆ. ಪಾಲು ಹಂಚುವ ದಿನ ಸಿಗುತ್ತದೆ. ಅಪ್ಪ ಪಂಜಾಬಿ ಮನೆತನದ ಯಜಮಾನ, ಮಗ ಇಂಗ್ಲಿಷ್ ಕಂಪನಿಯ ಷೇರುದಾರ. ಮನೆ ಒಂದೇ, ಇಬ್ಬರಿಗೂ ಬೇರೆ ಬೇರೆ ಕಾನೂನು.

ಬೆಲ್‌ಗ್ರೇವ್_ರಸ್ತೆ

ವಕೀಲ್ ಸಾಹೇಬ್ರೇ, ಇದು ನಿಜಕ್ಕೂ ಗೊತ್ತಿರಲಿಲ್ಲ. ಹಿಂದೂಜಾ ಅಣ್ಣತಮ್ಮಂದಿರ ಕೇಸೂ ಇದೇ ಜಾತಿಯದ್ದು ಅಲ್ವಾ?

ಕಲಬುರಗಿ_ವಕೀಲ

ಹತ್ತಿರದ್ದು. ಅವರು ಸಿಂಧಿಗಳು, ಇರಾನ್ ಮೂಲಕ ಲಂಡನ್ನಿಗೆ ಬಂದವರು. 2014ರಲ್ಲಿ ನಾಲ್ವರು ಅಣ್ಣತಮ್ಮಂದಿರು ಒಂದು ಪತ್ರಕ್ಕೆ ಸಹಿ ಹಾಕಿದ್ದರು, ಒಬ್ಬನ ಹೆಸರಿನಲ್ಲಿರುವ ಆಸ್ತಿ ಎಲ್ಲರದ್ದೂ ಅಂತ. ಇಲ್ಲಿ ಬರಹ ಇತ್ತು ನೋಡಿ. ಆದರೂ ಆ ಕಾಗದಕ್ಕೆ ಕಾನೂನಿನ ಬಲ ಇದೆಯಾ ಇಲ್ಲವಾ ಅಂತಲೇ ಜಗಳ. ಹಿರಿಯಣ್ಣ ಶ್ರೀಚಂದ್ ಅವರ ಪರವಾಗಿ ಕೇಸು ನಡೆಸಿದ್ದು ಮಗಳು ವಿನೂ. 2022ರಲ್ಲಿ ರಾಜಿಯಾಯಿತು.

ಮಲ್ಲಿಗೆ_ಮೊಗ್ಗು

ಮಗಳು ಅಂದಿರಿ, ಅಲ್ಲೇ ಹಿಡಿದುಕೊಂಡೆ. ಇಷ್ಟು ಹೊತ್ತು ಅಪ್ಪ, ಮಗ, ಅಣ್ಣತಮ್ಮ. ಅಂಗಡಿಯಲ್ಲಿ ನಿಂತ ಹೆಣ್ಣುಮಕ್ಕಳ ಪಾಲು? ಕರ್ನಾಟಕದಲ್ಲಿ 1994ರಲ್ಲೇ ಕಾನೂನು ತಿದ್ದಿ ಮಗಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟರು, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಮಿತಾಕ್ಷರದ ಹೆಸರು ಹೇಳುವ ವಲಸೆ ಕುಟುಂಬಗಳು ತಾವು ಊರು ಬಿಟ್ಟ ಕಾಲದ ಮಿತಾಕ್ಷರವನ್ನೇ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುತ್ತವೆ. ಊರಿನಲ್ಲಿ ಅದು ಎಂದೋ ಬದಲಾಗಿದೆ.

ಕಲಬುರಗಿ_ವಕೀಲ

ನಮಸ್ಕಾರ ತಂಗಿ. ವಾದ ಗೆದ್ದಿರಿ.

ಕಿತ್ತೂರು_ಎಕ್ಸ್‌ಪ್ರೆಸ್

ಕನ್ನಡಿಗರ ಚರ್ಚೆಯಲ್ಲಿ ಇನ್ನೂ ಹುಬ್ಬಳ್ಳಿ ಬಂದಿಲ್ಲ ಅಂದರೆ ಹೇಗೆ. ರಿಷಿ ಸುನಕ್ ವಿಷಯ ಹೇಳುತ್ತೇನೆ. ಅಪ್ಪ ಕೆನ್ಯಾದಲ್ಲಿ ಹುಟ್ಟಿದ ಡಾಕ್ಟರು, ಅಮ್ಮ ಟಾಂಗನೀಕಾದಿಂದ ಬಂದು ಸೌತಾಂಪ್ಟನ್‌ನಲ್ಲಿ ಫಾರ್ಮಸಿ ನಡೆಸಿದವರು. ವೆಂಬ್ಲಿ ಅಕ್ಕ ಹೇಳಿದ ಪಟ್ಟಿಗೆ ಸರಿಯಾಗಿ ಹೊಂದುತ್ತದೆ. 2022ರಲ್ಲಿ ಕನ್ಸರ್ವೇಟಿವ್ ಪಕ್ಷದ ನಾಯಕತ್ವಕ್ಕೆ ನಿಂತಾಗ ಮೊದಲ ವಿಡಿಯೋದಲ್ಲೇ ಅಜ್ಜಿ ವಿಮಾನ ಹತ್ತಿದ ಕಥೆ ಹೇಳಿದರು. 50 ಪೌಂಡಿನ ಕಥೆಯ ಇನ್ನೊಂದು ಪ್ರತಿ.

ಅದೇ ವರ್ಷದ ಏಪ್ರಿಲ್‌ನಲ್ಲಿ ಹೆಂಡತಿ ಅಕ್ಷತಾ ಮೂರ್ತಿ ಅವರ ತೆರಿಗೆ ವಿಷಯ ಗಲಾಟೆಯಾಗಿತ್ತು. ಹುಟ್ಟಿದ್ದು ಹುಬ್ಬಳ್ಳಿ, ಇನ್ಫೋಸಿಸ್ ಷೇರಿನ ಆದಾಯ ಭಾರತದ್ದು. ಬ್ರಿಟನ್ನಿನಲ್ಲಿ ವಾಸವಿದ್ದರೂ ಶಾಶ್ವತ ನೆಲೆ ಬೇರೆ ದೇಶ ಅನ್ನುವವರಿಗೆ ಹೊರದೇಶದ ಆದಾಯದ ಮೇಲೆ ಅಲ್ಲಿ ತೆರಿಗೆ ವಿನಾಯಿತಿ ಇತ್ತು. ಅದು ಕಾನೂನುಬದ್ಧವೇ. ಜನ ಬಿಡಲಿಲ್ಲ. ಕೊನೆಗೆ ಪ್ರಪಂಚದ ಎಲ್ಲ ಆದಾಯಕ್ಕೂ ಇಲ್ಲೇ ತೆರಿಗೆ ಕಟ್ಟುತ್ತೇನೆ ಅಂದರು. ಆ ವಿನಾಯಿತಿ ಪದ್ಧತಿಯನ್ನೇ 2025ರ ಏಪ್ರಿಲ್‌ನಿಂದ ತೆಗೆದುಹಾಕಿದರು.

ನಿಮ್ಮ ಮನೆ ಯಾವುದು ಅಂತ ನೆಂಟರು ಕೇಳಿದರೆ ಹೇಗಾದರೂ ಉತ್ತರ ಹೇಳಬಹುದು. ತೆರಿಗೆ ಇಲಾಖೆ ಕೇಳಿದರೆ ಒಂದೇ ಊರು ಹೇಳಬೇಕು. ಹುಬ್ಬಳ್ಳಿಯವನಾಗಿ ನನಗಂತೂ ಒಳಗೊಳಗೆ ಖುಷಿಯಾಗಿತ್ತು, ಮುಚ್ಚಿಡಲ್ಲ.

ಕೆಂಪು_ಬಾವುಟ

ರಾಜಕೀಯ ಬಂತಲ್ಲ, ಒಂದು ಮಾತು. ಪ್ರೀತಿ ಪಟೇಲ್ ಅವರ ಅಪ್ಪ ಅಮ್ಮ ಉಗಾಂಡದಿಂದ 1960ರ ದಶಕದಲ್ಲೇ ಬಂದು ಪೇಪರ್ ಅಂಗಡಿಗಳನ್ನು ನಡೆಸಿದವರು. ಮಗಳು ಗೃಹ ಸಚಿವೆಯಾಗಿ 2020ರಲ್ಲಿ ತಂದ ಹೊಸ ವೀಸಾ ನಿಯಮದಡಿ ತಮ್ಮ ಅಪ್ಪ ಅಮ್ಮನಿಗೇ ಪ್ರವೇಶ ಸಿಗದೆ ಹೋಗಬಹುದಿತ್ತು ಅಂತ ರೇಡಿಯೋ ಸಂದರ್ಶನದಲ್ಲಿ ಒಪ್ಪಿಕೊಂಡರು. 2022ರಲ್ಲಿ ಆಶ್ರಯ ಕೇಳಿ ಬಂದವರನ್ನು ರುವಾಂಡಕ್ಕೆ ಕಳಿಸುವ ಯೋಜನೆಗೆ ಸಹಿ ಹಾಕಿದವರೂ ಅವರೇ. ಉಗಾಂಡದ ಪಕ್ಕದ ದೇಶ!

ಸಣ್ಣ_ಉದ್ದಿಮೆ

ಅದನ್ನು ನೀವು ದ್ರೋಹ ಅನ್ನುತ್ತೀರಿ. ಅವರ ಕಡೆಯಿಂದ ನೋಡಿ. ನಮ್ಮಪ್ಪ ಕಾನೂನಿನ ಪ್ರಕಾರ ಬಂದ, ತೆರಿಗೆ ಕಟ್ಟಿದ, ಸರ್ಕಾರದ ಮುಂದೆ ಕೈಚಾಚಲಿಲ್ಲ ಅನ್ನುವ ಸ್ವಾಭಿಮಾನ ಅದು. ಅಂಗಡಿ ಮಕ್ಕಳು ಕನ್ಸರ್ವೇಟಿವ್ ಪಕ್ಷಕ್ಕೆ ಹೋಗುವುದರಲ್ಲಿ ನನಗಂತೂ ಆಶ್ಚರ್ಯವಿಲ್ಲ. ಮಾರ್ಗರೆಟ್ ಥ್ಯಾಚರ್ ಕೂಡ ದಿನಸಿ ಅಂಗಡಿಯವನ ಮಗಳೇ ತಾನೆ?

ಇತಿಹಾಸ_ಮೇಷ್ಟ್ರು

1972ರಲ್ಲಿ ಬಾಗಿಲು ತೆರೆದದ್ದೂ ಅದೇ ಪಕ್ಷದ ಎಡ್ವರ್ಡ್ ಹೀತ್ ಸರ್ಕಾರ. 1968ರಲ್ಲಿ ಮುಚ್ಚಿದ್ದು ಲೇಬರ್. ಹಳಬರು ಅದನ್ನು ಮರೆತಿಲ್ಲ. ಹಾಗಾಗಿ ಬಾವುಟ ಅವರೇ, ಈ ಲೆಕ್ಕ ನಿಮ್ಮ ಕಡೆಗೂ ಪೂರ್ತಿ ಕೂಡಲ್ಲ.

ಕೆಂಪು_ಬಾವುಟ

ಕೂಡಲ್ಲ, ಒಪ್ಪಿದೆ. ಹೀತ್ ಬಗ್ಗೆ ಕೆಟ್ಟದ್ದು ಹೇಳಲು ನನಗೆ ಬೇರೆ ಕಾರಣ ಬೇಕಾದಷ್ಟಿವೆ.

ಬೆಲ್‌ಗ್ರೇವ್_ರಸ್ತೆ

ವಾಪಸ್ ಹೋದವರ ವಿಷಯ ಯಾರೂ ಎತ್ತಲಿಲ್ಲ, ಅದನ್ನು ನಾನೇ ಹಾಕುತ್ತೇನೆ. ನನಗೆ ಇಡೀ ವಿಷಯದಲ್ಲಿ ಅತಿ ಕುತೂಹಲದ ಭಾಗ ಇದೇ.

ಉಗಾಂಡದ ಕಾಕಿರಾದಲ್ಲಿ ಮಾಧ್ವಾನಿ ಕುಟುಂಬದ ಸಕ್ಕರೆ ಕಾರ್ಖಾನೆ 1930ರಷ್ಟು ಹಳೆಯದು. ಮನುಭಾಯಿ ಮಾಧ್ವಾನಿಯನ್ನು ಅಮೀನ್ ಜೈಲಿಗೆ ಹಾಕಿಸಿದ್ದ. 1980ರ ದಶಕದಲ್ಲಿ ಕುಟುಂಬ ವಾಪಸ್ ಹೋಗಿ ಪಾಳುಬಿದ್ದ ಕಾರ್ಖಾನೆಯನ್ನು ಮತ್ತೆ ಎತ್ತಿ ನಿಲ್ಲಿಸಿತು. ಕಿತ್ತುಕೊಂಡ ಆಸ್ತಿ ವಾಪಸ್ ಕೊಡುವ ಕಾಯ್ದೆ ಬಂದದ್ದು 1982ರಲ್ಲಿ. ಮುಸೆವೆನಿ 1986ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ವಾಪಸ್ ಬನ್ನಿ ಅಂತ ಕರೆದರು, 90ರ ದಶಕದಲ್ಲಿ ಬಹಳಷ್ಟು ಕಟ್ಟಡಗಳು ಹಳೆಯ ಮಾಲೀಕರ ಕೈ ಸೇರಿದವು.

ಸುಧೀರ್ ರುಪಾರೆಲಿಯಾ 16ರ ಹುಡುಗನಾಗಿ ಉಗಾಂಡ ಬಿಟ್ಟವರು. ಲಂಡನ್ನಿನಲ್ಲಿ ಸಿಕ್ಕ ಕೆಲಸವೆಲ್ಲ ಮಾಡಿ, 1985ರಲ್ಲಿ ಕೈಯಲ್ಲಿದ್ದ ಉಳಿತಾಯ ಹಿಡಿದು ವಾಪಸ್ ಹೋದರು. ಹೋಟೆಲು, ಜಮೀನು, ಬ್ಯಾಂಕು ಅಂತ ಬೆಳೆದು ಉಗಾಂಡದ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದರು. 2016ರಲ್ಲಿ ಅವರ ಕ್ರೇನ್ ಬ್ಯಾಂಕನ್ನು ಅಲ್ಲಿನ ರಿಸರ್ವ್ ಬ್ಯಾಂಕು ವಶಕ್ಕೆ ತೆಗೆದುಕೊಂಡಿತು, ಅದು ಬೇರೆ ದೊಡ್ಡ ಕಥೆ.

ಆದರೆ ಹೋದವರು ಕೆಲವರೇ. ಲೆಸ್ಟರ್‌ನಲ್ಲಿ ಒಬ್ಬ ಹಿರಿಯರನ್ನು ಕೇಳಿದೆ, ನಿಮಗೂ ಆಸ್ತಿ ವಾಪಸ್ ಬಂತಂತಲ್ಲ, ಯಾಕೆ ಹೋಗಲಿಲ್ಲ ಅಂತ. ಉಗಾಂಡದ ಜಿಂಜಾ ಊರಿನಲ್ಲಿ ಅವರ ಮನೆ ಸಿಕ್ಕಿತ್ತು. ಮಾರಿದರು. "ಮೊಮ್ಮಕ್ಕಳು ಇಲ್ಲಿದ್ದಾರೆ, ಡಾಕ್ಟರು ಇಲ್ಲಿದ್ದಾರೆ" ಅಂದರು. ಆ ದುಡ್ಡಿನಲ್ಲಿ ಇಲ್ಲೊಂದು ಫ್ಲ್ಯಾಟು ತೆಗೆದು ಬಾಡಿಗೆಗೆ ಕೊಟ್ಟಿದ್ದಾರೆ. ಭಾರತಕ್ಕೆ ಹೋಗುವ ಯೋಚನೆ ಬಂದಿತ್ತಾ ಅಂದದ್ದಕ್ಕೆ ನನ್ನನ್ನೇ ವಿಚಿತ್ರವಾಗಿ ನೋಡಿದರು.

ಕುಂದಾಪ್ರ_ಹೋಟ್ಲು

ನಮ್ಮವರು ಮುಂಬೈಯಲ್ಲಿ ದುಡಿದು ಊರಲ್ಲಿ ದೇವಸ್ಥಾನದ ಜೀರ್ಣೋದ್ಧಾರ ಮಾಡಿಸುತ್ತಾರೆ, ದೊಡ್ಡ ಮನೆ ಕಟ್ಟಿಸಿ ಬೀಗ ಹಾಕುತ್ತಾರೆ. ಅಪ್ಪಯ್ಯನ ಮನೆಗೂ ಬೀಗವೇ. ವೆಂಬ್ಲಿ ಅಕ್ಕ, ಒಂದು ಪ್ರಶ್ನೆ ಉಳಿಯಿತು. ಪಟೇಲರ ಮಕ್ಕಳು ಫಾರ್ಮಸಿಗೆ ಹೋದ ಮೇಲೆ ಆ ಮೂಲೆ ಅಂಗಡಿಗಳನ್ನು ಈಗ ಯಾರು ನಡೆಸುತ್ತಿದ್ದಾರೆ?

ವೆಂಬ್ಲಿ_ಅಕ್ಕ

ನನ್ನ ಕಡೆ ಹೆಚ್ಚಾಗಿ ಶ್ರೀಲಂಕಾದ ತಮಿಳರು. ಯುದ್ಧದ ಕಾಲದಲ್ಲಿ ಬಂದವರು, ಪಟೇಲರ ಹತ್ತಿರ ಕೆಲಸಕ್ಕಿದ್ದು ಆಮೇಲೆ ಅದೇ ಅಂಗಡಿಯನ್ನು ಕೊಂಡವರು. ಪೆಟ್ರೋಲ್ ಬಂಕು, ಪೋಸ್ಟಾಫೀಸು ಸೇರಿದ ಅಂಗಡಿಗಳೂ ಅವರ ಕೈಯಲ್ಲಿವೆ. ಬೆಳಗ್ಗೆ ಐದಕ್ಕೇ ಶಟರ್ ಎತ್ತುತ್ತಾರೆ. ಮಕ್ಕಳು ಕೌಂಟರಿನ ಹಿಂದೆ ಹೋಮ್‌ವರ್ಕ್ ಮಾಡುತ್ತಾರೆ, ಈಗ ಟ್ಯಾಬ್ ಮೇಲೆ.

ಹೊಸ ಅಂಗಡಿಯವರು ಮೊದಲ ಸಲ ಬಂದಾಗ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಳ್ಳುತ್ತೇನೆ. ಲೀಸು ಯಾರ ಹೆಸರಿನಲ್ಲಿದೆ, ಕಂಪನಿ ಷೇರು ಯಾರ ಹೆಸರಿನಲ್ಲಿದೆ ಅಂತ ಹೆಂಡತಿಯನ್ನೇ ಕೇಳುತ್ತೇನೆ. ಹೆಚ್ಚಿನವರಿಗೆ ಗೊತ್ತಿರಲ್ಲ. ಗಂಡ "ಎಲ್ಲಾ ಮನೆಯದ್ದೇ ಅಲ್ವಾ ಮೇಡಂ" ಅನ್ನುತ್ತಾನೆ. ಹಾಗಾದರೆ ಅರ್ಧ ಷೇರು ಅವಳ ಹೆಸರಿಗೆ ಬರೆಯೋಣ, ಫಾರಂ ಇಲ್ಲೇ ಇದೆ ಅನ್ನುತ್ತೇನೆ. ಕೆಲವರು ಅಲ್ಲೇ ಸಹಿ ಹಾಕುತ್ತಾರೆ. ಕೆಲವರು ಊರಿನಲ್ಲಿ ಅಣ್ಣನನ್ನು ಕೇಳಿ ಬರುತ್ತೇನೆ ಅಂತ ಹೋಗುತ್ತಾರೆ. ಅವರಲ್ಲಿ ಅರ್ಧ ಜನ ಬೇರೆ ಅಕೌಂಟೆಂಟ್ ಹುಡುಕಿಕೊಳ್ಳುತ್ತಾರೆ.